ಬೇಟೆಗಾರರಿಗೆ ಮೂವತ್ತೇಳು ಪ್ರಶ್ನೆ

ಗಂಡ ಅಮರೇಶ್ವರ ತೀರಿಕೊಂಡು ಮೂರು ವರ್ಷವಾದ ಮೇಲೆ, ತನ್ನ ನಲವತ್ತಾರನೆಯ ವಯಸ್ಸಿನಲ್ಲಿ ರುದ್ರಮ್ಮ ಅಮೆರಿಕದಲ್ಲಿ ಕೆಲಸಕ್ಕೆ ಸೇರಿದಳು. ಸಮರ್‌ಸೆಟ್‌ನ ಆಫೀಸ್ ಪಾರ್ಕೊಂದರ ಎರಡನೆಯ ಮಹಡಿಯಲ್ಲಿದ್ದ ಸರ್ವೇ ಕಂಪನಿ ಅದು. ಸಂಜೆ ಐದರಿಂದ ಎಂಟರವರೆಗೆ ಜನರಿಗೆ ಫೋನ್ ಮಾಡಿ ಪ್ರಶ್ನೆ ಕೇಳಬೇಕು, ಅವರು ಹೇಳಿದ ಉತ್ತರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು. ಅವಳೊಬ್ಬಳ ಹೊಟ್ಟೆಗೆ ಅಮರೇಶ್ವರ ಬಿಟ್ಟುಹೋದದ್ದೇ ಸಾಕಾಗಿತ್ತು. ಆದರೆ ಮನೆಯಲ್ಲಿ ಮಾತೇ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಎಷ್ಟೋ ದಿನ ಮಧ್ಯಾಹ್ನ ಅಂಗಡಿಗೆ ಹೋಗಿ 'ಥ್ಯಾಂಕ್ ಯೂ' ಅಂದಾಗಲೇ ಆ ದಿನದ ಮೊದಲ ಮಾತು ಬಾಯಿಂದ ಬರುತ್ತಿತ್ತು, ಅದೂ ಗಂಟಲಲ್ಲಿ ಸಿಕ್ಕಿಕೊಂಡು ಒಡಕಾಗಿ.

೧೯೮೯ರ ನವೆಂಬರಿನಲ್ಲಿ ಅವಳ ಮೇಜಿಗೆ ಬಂದ ಮೊದಲ ಕಂತೆ ನ್ಯೂಜೆರ್ಸಿಯ ಬೇಟೆಗಾರರದು. ಲೈಸೆನ್ಸ್ ಇದ್ದವರಿಗೆಲ್ಲ ಮೊದಲೇ ಅಂಚೆಯಲ್ಲಿ ಪ್ರಶ್ನೆಪತ್ರಿಕೆ ಹೋಗಿತ್ತು. ಅದನ್ನು ತುಂಬಿ ಕಳಿಸದೆ ಸುಮ್ಮನಿದ್ದವರನ್ನು ಫೋನಿನಲ್ಲಿ ಹಿಡಿದು ಕೇಳಬೇಕಿತ್ತು. ಒಟ್ಟು ಮೂವತ್ತೇಳು ಪ್ರಶ್ನೆ. ಜಿಂಕೆಗಳು ಹೆಚ್ಚಾಗಿವೆಯೆ, ಕಡಿಮೆಯಾಗಿವೆಯೆ? ಹೆಣ್ಣು ಜಿಂಕೆ ಹೊಡೆಯಲು ಇನ್ನಷ್ಟು ಪರ್ಮಿಟ್ ಕೊಡಬೇಕೆ? ನಿಲ್ಲಿಸಿರುವ ಕರಡಿ ಬೇಟೆಯನ್ನು ಮತ್ತೆ ಶುರುಮಾಡಬೇಕೆ? ಭಾನುವಾರದ ಬೇಟೆ ನಿಷೇಧ ಸರಿಯೆ? ಜಿಂಕೆಗೆ ಈಗ ಶಾಟ್‌ಗನ್ ಮಾತ್ರ ಇದೆ, ರೈಫಲ್‌ಗೂ ಅನುಮತಿ ಬೇಕೆ?

ಕಾಗದದಲ್ಲಿ ಇದ್ದದ್ದನ್ನು ಇದ್ದಂತೆ ಓದಬೇಕು, ತನ್ನದೊಂದು ಮಾತೂ ಸೇರಿಸಬಾರದು ಎಂದು ಸೂಪರ್‌ವೈಸರ್ ಡೋನಾ ಮೊದಲ ದಿನವೇ ಹೇಳಿದ್ದಳು.

ಬೇಟೆಗಾರರೇನೋ ಸುಮ್ಮನೆ 'ಒಪ್ಪುತ್ತೇನೆ, ಒಪ್ಪುವುದಿಲ್ಲ' ಎಂದು ಮುಗಿಸುವ ಜನರಲ್ಲ. ಹಂಟರ್‌ಡನ್ ಕಡೆಯ ರೈತನೊಬ್ಬ, ಜಿಂಕೆ ಅಂದರೆ ನಾಲ್ಕು ಕಾಲಿನ ಇಲಿ, ನನ್ನ ಜೋಳವೆಲ್ಲ ಅದರ ಹೊಟ್ಟೆಗೆ ಹೋಯಿತು, ಕಾನೂನು ಮಾಡುವವರು ಒಂದು ರಾತ್ರಿ ನನ್ನ ಹೊಲ ಕಾಯಲಿ ಎಂದು ಕೂಗಾಡಿದ. ಬಿಲ್ಲಿನ ಬೇಟೆಯವನೊಬ್ಬ ಬಂದೂಕಿನವರನ್ನೆಲ್ಲ ಬೈದ. ಇನ್ನೊಬ್ಬ, ಇವತ್ತು ಅಭಿಪ್ರಾಯ ಕೇಳುತ್ತೀರಿ, ನಾಳೆ ಮನೆಗೆ ಬಂದು ಬಂದೂಕು ಕೇಳುತ್ತೀರಿ ಎಂದು ಫೋನ್ ಕುಕ್ಕಿದ. ಒಬ್ಬಳು ಹೆಂಗಸು, ನನ್ನ ಗಂಡ ಆಗಸ್ಟಿನಲ್ಲೇ ತೀರಿಹೋದರು, ಆದರೂ ಹೆಣ್ಣು ಜಿಂಕೆ ಹೊಡೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ, ಅಷ್ಟು ಬರೆದುಕೊಳ್ಳಿ ಎಂದಳು. ಬರೆದುಕೊಳ್ಳಲು ಕಾಗದದಲ್ಲಿ ಜಾಗವಿರಲಿಲ್ಲ.

ಅಕ್ಕಪಕ್ಕದ ಕುರ್ಚಿಗಳ ಕಾಲೇಜು ಹುಡುಗಿಯರಿಗೆ ಈ ಮಾತುಗಳೆಲ್ಲ ನಗುವಿನ ವಿಷಯ. ರುದ್ರಮ್ಮನಿಗೆ ಹಾಗಾಗಲಿಲ್ಲ. ಗಾಳಿ ಯಾವ ದಿಕ್ಕಿಗೆ ಬೀಸಿದರೆ ಎಲ್ಲಿ ಕೂರಬೇಕು, ಗಾಯಗೊಂಡ ಪ್ರಾಣಿಯನ್ನು ಎಷ್ಟು ಹೊತ್ತು ಬಿಟ್ಟು ಹಿಂಬಾಲಿಸಬೇಕು ಎಂದು ಅವರು ಹೇಳುವಾಗ ಅವಳ ಕೈಯಲ್ಲಿದ್ದ ಪೆನ್ಸಿಲ್ ನಿಂತುಬಿಡುತ್ತಿತ್ತು. ಇವೆಲ್ಲ ಅವಳು ಹತ್ತು ವರ್ಷದವಳಿದ್ದಾಗಲೇ ಕಲಿತದ್ದು.

ರುದ್ರಮ್ಮ ಸುರಪುರದ ಕಡೆಯ ಬೇಡರ ಮನೆಯ ಮಗಳು. ತಾಯಿ ಬೇಗ ಹೋದದ್ದರಿಂದ ಅಪ್ಪ ಅಡಿವೆಪ್ಪ ಎಲ್ಲಿಗೆ ಹೋದರೂ ಮಗಳನ್ನು ಕರೆದುಕೊಂಡೇ ಹೋಗುತ್ತಿದ್ದ. ಎರೆಹೊಲದ ಬದುವಿನಲ್ಲಿ ಅವನ ಬೆನ್ನಿಗೆ ಅಂಟಿಕೊಂಡು, ಉಸಿರು ಬಿಗಿಹಿಡಿದು, ಚಿಗರಿ ಎಂದು ಕರೆಯುವ ಜಿಂಕೆಗಳ ಹಿಂಡು ಬರುವುದನ್ನೇ ಕಾಯುತ್ತ ಕೂತ ಬೆಳಗುಗಳು ಅವಳ ಬದುಕಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಬೆಳಗುಗಳು. ಆದರೆ ಅಮೆರಿಕಕ್ಕೆ ಬಂದ ವಾರದಲ್ಲೇ ಅಮರೇಶ್ವರ ಹೇಳಿದ್ದ, "ಇಲ್ಲಿ ನಮ್ಮ ಮಂದಿ ಎಲ್ಲಾ ಕಾಯಿಪಲ್ಲೆ ತಿನ್ನಾವ್ರು. ನಮ್ಮನ್ನೂ ತಮ್ಮಂಗ ಅಂತ ತಿಳಕೊಂಡಾರ. ಇರ್ಲಿ ಬಿಡು. ನಿಮ್ಮಪ್ಪನ ಬಂದೂಕಿನ ಸುದ್ದಿ ತಗೀಬ್ಯಾಡ." ಅವಳು ತೆಗೆಯಲಿಲ್ಲ. ಕನ್ನಡ ಕೂಟದ ಊಟಕ್ಕೆ ಒಂಬತ್ತು ವರ್ಷ ಬದನೆಕಾಯಿಯ ಎಣಗಾಯಿ ಮಾಡಿಕೊಂಡು ಹೋದಳು. ಎಣಗಾಯಿ ರುದ್ರಮ್ಮ ಎಂದೇ ಹೆಸರಾಯಿತು. ಎಲ್ಲರೂ ಪ್ರೀತಿಯಿಂದ ಮಾತಾಡಿಸುವವರೇ. ಆದರೆ ಅವರ ಪ್ರೀತಿ ತನ್ನಂತೆಯೇ ಕಾಣುವ ಬೇರೆ ಯಾರಿಗೋ ಸಲ್ಲುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಮಂಗಳವಾರ ಸಂಜೆ ವಾಲ್ಟರ್ ಹಾಯ್ಟ್ ಎಂಬುವನ ಸರದಿ ಬಂತು. ಉತ್ತರದ ಸಸೆಕ್ಸ್ ಕೌಂಟಿಯವನು, ಎಪ್ಪತ್ತೊಂದು ವರ್ಷದವನು, ಗಣಿಯಲ್ಲಿ ದುಡಿದು ನಿವೃತ್ತನಾದವನು. ನಿಧಾನವಾಗಿ, ಪ್ರತಿ ಪ್ರಶ್ನೆಯನ್ನೂ ಎರಡು ಸಲ ಕೇಳಿಸಿಕೊಂಡು ಉತ್ತರಿಸಿದ. 'ನೀವು ಸಾಮಾನ್ಯವಾಗಿ ಎಷ್ಟು ಜನರೊಂದಿಗೆ ಬೇಟೆಗೆ ಹೋಗುತ್ತೀರಿ' ಎಂಬಲ್ಲಿ ತಡೆದ.

"ಮೊದಲು ಐದು ಜನ ಇದ್ದೆವು ಮ್ಯಾಮ್. ಗಡಿ ದಾಟಿ ನ್ಯೂಯಾರ್ಕಿನ ಕ್ಯಾಟ್ಸ್‌ಕಿಲ್ ಬೆಟ್ಟಕ್ಕೆ ಹೋಗುತ್ತಿದ್ದೆವು. ಅಲ್ಲಿ ರೈಫಲ್ ನಡೆಯುತ್ತೆ. ಈಗ ಸೊನ್ನೆ ಅಂತ ಬರೆದುಕೊಳ್ಳಿ."

ರೈಫಲ್ ಪ್ರಶ್ನೆ ಬಂದಾಗ, "ಇಲ್ಲಿ ಬೇಡ," ಅಂದ. "ನನ್ನ ಹತ್ತಿರ ಒಳ್ಳೇ ರೈಫಲ್ ಇದೆ, ಅದರ ಮೇಲೆ ಪ್ರೀತಿಯೂ ಇದೆ. ಆದರೆ ನ್ಯೂಜೆರ್ಸಿಯಲ್ಲಿ ಎಲ್ಲಿ ನೋಡಿದರೂ ಮನೆ. ಗುರಿ ತಪ್ಪಿದ ಗುಂಡು ಒಂದು ಮೈಲಿ ಹೋಗಿ ಯಾರ ಅಡುಗೆಮನೆಗೆ ನುಗ್ಗುತ್ತೋ ಯಾರು ಬಲ್ಲರು! ಕಾನೂನು ಸರಿಯಾಗಿದೆ. ನಮ್ಮನ್ನು ಒಂದು ಮಾತು ಕೇಳಿ ಮಾಡಿದ ಕಾನೂನಾದರೆ ಪಾಲಿಸುವುದು ಕಷ್ಟವಲ್ಲ." ಹಾಗಂದವನು ಇದ್ದಕ್ಕಿದ್ದಂತೆ ಕೇಳಿದ, "ನೀವು ಯಾವತ್ತಾದರೂ ಬಂದೂಕು ಹಿಡಿದಿದ್ದೀರಾ?"

ಈ ದೇಶದಲ್ಲಿ ಅವಳನ್ನು ಯಾರೂ ಕೇಳದ ಪ್ರಶ್ನೆ ಅದು. ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

"ಹಿಡಿದಿದ್ದೇನೆ," ಅಂದಳು ರುದ್ರಮ್ಮ.

ಆಮೇಲೆ ಮಾತು ನಿಲ್ಲಲಿಲ್ಲ. ಮೂತಿಯಿಂದ ಮದ್ದು ತುಂಬುವ ಅಪ್ಪನ ಹಳೆಯ ಬಂದೂಕಿನ ಬಗ್ಗೆ ಹೇಳಿದಳು. ಅಪ್ಪನಿಗೆ ಅವನದೇ ಕಾಯಿದೆಗಳಿದ್ದವು: ಬಸುರಿ ಚಿಗರಿಗೆ ಗುಂಡು ಹೊಡೆಯಬಾರದು, ನೀರು ಕುಡಿಯಲು ಬಂದದ್ದಕ್ಕೆ ಹೊಡೆಯಬಾರದು, ಒಂದು ಬಿದ್ದ ಮೇಲೆ ಆ ದಿನ ಎರಡನೆಯದಕ್ಕೆ ಮದ್ದು ತುಂಬಬಾರದು. ಎಪ್ಪತ್ತಮೂರರಲ್ಲಿ ಜೀಪಿನಲ್ಲಿ ಬಂದ ಅರಣ್ಯ ಇಲಾಖೆಯವರು ಹೊಸ ಕಾನೂನು ಬಂದಿದೆ, ಇನ್ನು ಚಿಗರಿ ಮುಟ್ಟಿದರೆ ಜೈಲು ಎಂದು ಚಾವಡಿಯಲ್ಲಿ ಓದಿ ಹೇಳಿ ಹೊರಟುಹೋದರು. ಆಗ ತವರಿಗೆ ಬಂದಿದ್ದ ರುದ್ರಮ್ಮ ಅಲ್ಲೇ ನಿಂತಿದ್ದಳು. ಅಡಿವೆಪ್ಪ ಜಗಳಕ್ಕೆ ನಿಲ್ಲಲಿಲ್ಲ. ಮರುದಿನ ಬಂದೂಕು ಒರೆಸಿ, ತಾನೇ ನಡೆದುಹೋಗಿ ಪೊಲೀಸ್ ಠಾಣೆಗೆ ಕೊಟ್ಟು ಬಂದ. "ಚಿಗರಿ ಕಡಿಮಿ ಆಗ್ಯಾವು, ಅದು ಖರೇನ ಐತಿ," ಎಂದಿದ್ದ ಮಗಳಿಗೆ. "ಜೀಪಿನ್ಯಾಗ ಸಾಹೇಬ್ರು ಬಂದು ರಾತ್ರಿ ಲೈಟ್ ಹಾಕಿ ಹೊಡದದ್ದಕ್ಕ ಕಡಿಮಿ ಆದ್ವು. ನನ್ನ ಕೇಳಿದ್ರ ಹೇಳತಿದ್ನಿ. ಯಾರರ ಕೇಳ್ಯಾರೇನು?" ಆಮೇಲೆ ಆರು ವರ್ಷ ಬದುಕಿದ್ದ, ಯಾರೂ ಕೇಳಲಿಲ್ಲ.

ವಾಲ್ಟರ್ ಅವಳ ಮಾತು ಮುಗಿಯುವವರೆಗೂ ಕೇಳಿಸಿಕೊಂಡ. ಕೊನೆಗೆ, "ನಿಮ್ಮ ತಂದೆ ಜೊತೆ ನಾನು ಬೇಟೆಗೆ ಹೋಗಬಹುದಿತ್ತು," ಅಂದ.

ಫೋನಿಟ್ಟು ತಿರುಗಿದರೆ ಡೋನಾ ಹಿಂದೆ ನಿಂತಿದ್ದಳು. ಅವಳು ಇನ್ನೊಂದು ಲೈನಿನಲ್ಲಿ ಪೂರ್ತಿ ಕೇಳಿಸಿಕೊಂಡಿದ್ದಳು. ಸಿಟ್ಟಿನಿಂದೇನೂ ಮಾತಾಡಲಿಲ್ಲ.

"ಕೆಲಸ ಹೋಗಲ್ಲ. ಆದರೆ ಈ ಇಂಟರ್‌ವ್ಯೂ ಲೆಕ್ಕಕ್ಕಿಲ್ಲ. ನೀವು ನಿಮ್ಮ ಅಭಿಪ್ರಾಯ ಹೇಳಿಬಿಟ್ಟಿರಿ. ಅವನ ಉತ್ತರ ಕೆಟ್ಟುಹೋಯಿತು," ಎಂದು ವಾಲ್ಟರನ ಕಾಗದದ ಮೇಲೆ ಅಡ್ಡಗೆರೆ ಎಳೆದು ಬುಟ್ಟಿಗೆ ಹಾಕಿದಳು.

ಮನೆಗೆ ಬಂದ ಮೇಲೂ ಆ ಅಡ್ಡಗೆರೆ ಕಣ್ಣ ಮುಂದಿನಿಂದ ಹೋಗಲಿಲ್ಲ. ಕೇಳುವವರಿಲ್ಲದೆ ಅಪ್ಪ ಹೋದ. ಇಲ್ಲಿ ಕೇಳುವವರಿದ್ದರು. ಬಾಯಿಬಿಟ್ಟು ಹೇಳಿದ ಒಬ್ಬ ಮುದುಕನ ಮಾತನ್ನು ತಾನೇ ಹಾಳುಮಾಡಿದೆನಲ್ಲ ಎಂದು ಅವಳಿಗೆ ಅನ್ನ ಸೇರಲಿಲ್ಲ.

ವಾರ ಪೂರ್ತಿ ಯೋಚಿಸಿ ಒಂದು ದಾರಿ ಕಂಡುಕೊಂಡಳು. ಅಂಚೆಯಲ್ಲಿ ಕಳಿಸಿದ ಉತ್ತರಗಳಿಗೆ ಇನ್ನೂ ಹದಿನೈದು ದಿನ ಅವಕಾಶವಿತ್ತು. ಆಫೀಸಿನಲ್ಲಿ ಖಾಲಿ ಪ್ರಶ್ನೆಪತ್ರಿಕೆಗಳ ರಾಶಿಯೇ ಬಿದ್ದಿತ್ತು. ಒಂದನ್ನು ಲಕೋಟೆ ಸಮೇತ ಚೀಲಕ್ಕೆ ಹಾಕಿಕೊಂಡಳು, ವಾಲ್ಟರನಿಗೆ ಫೋನ್ ಮಾಡಿ ವಿಷಯ ಹೇಳಿದಳು. ಅಂಚೆಗೆ ಹಾಕಿದ್ದರೂ ನಡೆಯುತ್ತಿತ್ತು. ಆದರೆ ಡಿಸೆಂಬರಿನ ಬೇಟೆಯ ವಾರ ಮುಗಿದ ಭಾನುವಾರ, ಬೇಟೆಗೆ ನಿಷೇಧವಿರುವ ದಿನ ಅವನು ಮನೆಯಲ್ಲೇ ಇರುತ್ತಾನೆಂದು ಗೊತ್ತಿದ್ದು, ಅಮರೇಶ್ವರನ ಹಳೆಯ ಕಾರಿನಲ್ಲಿ ಒಂದೂವರೆ ಗಂಟೆ ಡ್ರೈವ್ ಮಾಡಿ ಅವಳೇ ಹೋದಳು.

ಬೆಟ್ಟದ ಮಗ್ಗುಲಿನ ಸಣ್ಣ ಮನೆ. ಹಿತ್ತಲಿನ ಮೇಪಲ್ ಮರಕ್ಕೆ ಕವಲುಗೊಂಬಿನ ಗಂಡು ಜಿಂಕೆ ತೂಗುತ್ತಿತ್ತು. ವಾಲ್ಟರ್ ಎತ್ತರದ, ಸೊಂಟ ಬಾಗಿದ ಮುದುಕ. ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ನಿಂತ ಹೆಂಗಸನ್ನು ಕಂಡು ಒಂದು ಗಳಿಗೆ ತಬ್ಬಿಬ್ಬಾದ, ಆಮೇಲೆ ಟೋಪಿ ತೆಗೆದ.

"ನೀವು ಬರೆಯುವಾಗ ನಾನು ಒಂದು ಮಾತೂ ಆಡಬಾರದು," ಎಂದಳು ರುದ್ರಮ್ಮ.

ಅಡುಗೆಮನೆಯ ಮೇಜಿನ ಈ ಬದಿಗೆ ಅವಳು, ಆ ಬದಿಗೆ ಅವನು. ಅವನು ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ತನ್ನೊಂದಿಗೆ ತಾನೇ ವಾದ ಮಾಡುವುದು, ಹೌದೋ ಅಲ್ಲವೋ ಎಂದು ಅವಳ ಮುಖ ನೋಡುವುದು. ಅವಳು ತುಟಿ ಬಿಗಿದು ಕಿಟಕಿಯಾಚೆ ನೋಡುವುದು. ಹೆಣ್ಣು ಜಿಂಕೆಯ ಪ್ರಶ್ನೆಯಲ್ಲಿ ಅವನು ಪೆನ್ನು ಕೆಳಗಿಟ್ಟು ಹತ್ತು ನಿಮಿಷ ಕೂತ. "ಹಿಂಡು ಹೆಚ್ಚಿದೆ, ಹೊಡೆಯಬೇಕು ಅಂತ ತಲೆ ಹೇಳುತ್ತೆ. ನನಗಂತೂ ಟ್ರಿಗರ್ ಎಳೆಯೋಕಾಗಲ್ಲ. ಈ ಎರಡನ್ನೂ ಒಂದೇ ಸುತ್ತಿನಲ್ಲಿ ಹೇಗೆ ಹಾಕಲಿ?" ಅಂದ. ಅವಳು ಮೇಪಲ್ ಮರದತ್ತ ಮುಖ ತಿರುಗಿಸಿದಳು. ಕೊನೆಯ ಪುಟದಲ್ಲಿ 'ಇತರೆ' ಎಂದಿದ್ದ ಖಾಲಿ ಜಾಗದಲ್ಲಿ ಅವನು ಅಂಚಿನವರೆಗೂ ಬರೆದ. ಏನು ಬರೆದನೆಂದು ಅವಳು ನೋಡಲಿಲ್ಲ. ಲಕೋಟೆ ಅಂಟಿಸಿ, ನಾಳೆ ನಾನೇ ಪೋಸ್ಟ್ ಮಾಡುತ್ತೇನೆ ಎಂದು ಕಿಟಕಿಯ ಬಳಿ ಇಟ್ಟ.

ಆಮೇಲೆ ಕಾಫಿ. ನಾಲ್ಕು ಜನ ಗೆಳೆಯರು ಒಬ್ಬರಾದ ಮೇಲೆ ಒಬ್ಬರು ಹೇಗೆ ಹೋದರೆಂದು ಹೇಳಿದ. ಹೆಂಡತಿಯ ಬಗ್ಗೆ ಒಂದೇ ಮಾತು: "ಜಿಂಕೆ ಮಾಂಸ ಮಾತ್ರ ಅವಳು ಮುಟ್ಟಲಿಲ್ಲ ಕೊನೇವರೆಗೂ." ಒಳಗಿನಿಂದ ರೈಫಲ್ ತಂದು, ಖಾಲಿಯಿದೆಯೆಂದು ಎರಡು ಸಲ ತೋರಿಸಿ ಅವಳ ಕೈಗಿತ್ತ. ಅವಳು ಅದನ್ನು ಹೆಗಲಿಗೆ ಆನಿಸಿ ಕೆನ್ನೆ ತಾಗಿಸಿದಳು. ಎಣ್ಣೆ ಹಚ್ಚಿದ ತಣ್ಣನೆಯ ಮರ. ಎಡಗೈ ತಾನಾಗಿಯೇ ಎಲ್ಲಿರಬೇಕೋ ಅಲ್ಲಿಗೆ ಹೋಗಿ ನಿಂತಿತ್ತು. ವಾಲ್ಟರ್ ತಲೆಯಾಡಿಸಿದ. ಮೂವತ್ತು ವರ್ಷದಿಂದ ಯಾರೂ ತನ್ನನ್ನು ಹೀಗೆ ಗುರುತಿಸಿರಲಿಲ್ಲ ಎಂದುಕೊಂಡಾಗ ರುದ್ರಮ್ಮನ ಕಣ್ಣು ತುಂಬಿ ಗುರಿ ಮಸುಕಾಯಿತು.

ಹೊರಡುವಾಗ ಅವನು ಬಿಳಿ ಕಾಗದದಲ್ಲಿ ಸುತ್ತಿದ ಮಾಂಸದ ಪೊಟ್ಟಣ ಕೊಟ್ಟ. ಮರುದಿನ ಅವಳು ಖಾರ ಅರೆದು, ಕೊಬ್ಬರಿ ಸುಟ್ಟು, ಅಪ್ಪ ಮಾಡುತ್ತಿದ್ದಂತೆಯೇ ಬೇಯಿಸಿದಳು. ಒಲೆಯ ಮೇಲೆ ಇನ್ನೂ ಕುದಿಯುತ್ತಿರುವಾಗಲೇ ಬಾಗಿಲು ಬಡಿದ ಸದ್ದು. ಎರಡು ಮನೆ ಆಚೆಯ ಶೈಲಮ್ಮ, ಗದಗಿನ ಕಡೆಯವಳು. ವಾರಕ್ಕೊಮ್ಮೆ ತಪ್ಪದೆ ಬಂದು ವಿಚಾರಿಸಿಕೊಂಡು ಹೋಗುವ ಒಬ್ಬಳೇ ಗೆಳತಿ.

"ಏನ್ ಅಡಿಗಿ ಮಾಡೀರಿ ರುದ್ರಕ್ಕ? ವಾಸನಿ ರಸ್ತೇತನಕ ಬರ್ಲಿಕತ್ತೈತಿ!"

ಎಣಗಾಯಿ ಎಂದುಬಿಡಬಹುದಿತ್ತು. "ಚಿಗರಿ ಮಾಂಸರೀ," ಅಂದಳು ರುದ್ರಮ್ಮ. "ನಮ್ಮಪ್ಪ ಬ್ಯಾಟಿ ಆಡತಿದ್ರು. ನಾವು ತಿನ್ನಾವ್ರು."

ಶೈಲಮ್ಮನ ಕೈ ಬಾಗಿಲ ಹಿಡಿಯ ಮೇಲೇ ಉಳಿಯಿತು. "ಹೌದೇನ್ರಿ," ಅಂದಳು. "ನಂಗ ಗೊತ್ತೇ ಇರ್ಲಿಲ್ಲ ನೋಡ್ರಿ." ಒಂದು ಹೆಜ್ಜೆ ಹಿಂದೆ ಸರಿದು, "ಆಮ್ಯಾಲ ಬರ್ತೀನಿ," ಎಂದು ಹೋದಳು. ಆಮೇಲೂ ಫೋನ್ ಮಾಡುತ್ತಿದ್ದಳು, ಹಿಮ ಬಿದ್ದಾಗ ಗಂಡನನ್ನು ಕಳಿಸಿ ದಾರಿ ಬಿಡಿಸುತ್ತಿದ್ದಳು. ಆದರೆ ಆ ಅಡುಗೆಮನೆಯಲ್ಲಿ ಮತ್ತೆಂದೂ ನೀರು ಕುಡಿಯಲಿಲ್ಲ. ರುದ್ರಮ್ಮನಿಗೆ ನೋವಾಯಿತು. ಆದರೂ ಹೇಳಿದ್ದಕ್ಕೆ ಪಶ್ಚಾತ್ತಾಪವಾಗಲಿಲ್ಲ. ಆ ದಿನ ಒಬ್ಬಳೇ ಕೂತು, ಕಿಟಕಿ ತೆರೆದಿಟ್ಟುಕೊಂಡೇ, ಹೊಟ್ಟೆ ತುಂಬ ಉಂಡಳು.

ಸರ್ವೇ ಜನವರಿಯಲ್ಲಿ ಮುಗಿಯಿತು. ವಸಂತದಲ್ಲಿ ಬಂದ ದಪ್ಪ ವರದಿಯನ್ನು ಡೋನಾ ಎಲ್ಲರ ನಡುವೆ ಒಂದು ಸುತ್ತು ಕಳಿಸಿದಳು. ಅದರ ತುಂಬ ಶೇಕಡಾವಾರು ಅಂಕಿಗಳು. ರೈಫಲ್ ಬೇಡವೆಂದ ಹೆಚ್ಚಿನವರಲ್ಲಿ ವಾಲ್ಟರ್ ಒಬ್ಬನಿದ್ದ, ಹೆಣ್ಣು ಜಿಂಕೆಯ ಪ್ರಶ್ನೆಯಲ್ಲಿ ಎಲ್ಲಿದ್ದನೋ ತಿಳಿಯಲಿಲ್ಲ. ಮುಂದಿನ ಕಂತೆ ಟೂತ್‌ಪೇಸ್ಟ್ ಬಳಸುವವರದು. ಅವರಲ್ಲಿ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಮಾತಾಡಲಿಲ್ಲ.

ವಾಲ್ಟರನೊಂದಿಗೆ ತಿಂಗಳಿಗೊಮ್ಮೆ ಫೋನ್ ನಡೆಯಿತು. ತೊಂಬತ್ತೊಂದರ ಶರತ್ಕಾಲದಲ್ಲಿ ಅವನ ಮಂಡಿ ಕೈಕೊಟ್ಟಿತು. ಒಹಾಯೊದ ಮಗಳು ಬಂದು ಮನೆ ಮಾರಿ ಅವನನ್ನು ಕರೆದುಕೊಂಡು ಹೋದಳು. ಒಮ್ಮೆ ರುದ್ರಮ್ಮ ಅಲ್ಲಿಗೆ ಫೋನ್ ಮಾಡಿದಾಗ ಮಗಳು, ಅಪ್ಪನಿಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ, ಬೇಕಾದರೆ ಕಾಗದ ಬರೆಯಿರಿ ಎಂದಳು.

ಆ ಡಿಸೆಂಬರಿನಲ್ಲಿ ರುದ್ರಮ್ಮ ಇಂಗ್ಲಿಷಿನಲ್ಲಿ ಎರಡು ಪುಟ ಬರೆದಳು. ಬದುವಿನ ಮೇಲೆ ಕೂತದ್ದು, ಚಿಗರಿ ಹಿಂಡು ಸೂರ್ಯನ ಕಡೆಯಿಂದ ಬಂದದ್ದು, ಅಪ್ಪ ಅಂದು ಗುಂಡು ಹಾರಿಸದೆ ಸುಮ್ಮನೆ ನೋಡುತ್ತ ಕೂತದ್ದು. ಉತ್ತರ ಬರಲಿಲ್ಲ. ಮರುವರ್ಷ ಬೇಟೆಯ ವಾರ ಬಂದಾಗ ಅವಳು ಮತ್ತೊಂದು ಬರೆದಳು.