ಎಂಟೂವರೆ ಅಂಕದ ವಾರಿಜಕ್ಕ

ವಾರಿಜಕ್ಕನ ಮೇಲೆ ದೂರು ಹೇಳಿದವಳು ನಾನೇ. ಬೇರೆ ಯಾರಾದರೂ ಈ ಕಥೆ ಹೇಳಿದರೆ ನನ್ನ ಮಾನ ಸ್ವಲ್ಪ ಉಳಿಸಿ ಹೇಳಿಯಾರು. ಅದಕ್ಕೇ ನಾನೇ ಹೇಳುತ್ತಿದ್ದೇನೆ.

ನಾನು ಐರಿನ್, ಕಾರ್ಕಳದವಳು, ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ಹೃದಯದಿಂದ ಹೊರಟು ಹೊಟ್ಟೆಯ ಮೂಲಕ ಕೆಳಗಿಳಿಯುವ ಮಹಾಧಮನಿ ಕೆಲವರಲ್ಲಿ, ಹೆಚ್ಚಾಗಿ ಬೀಡಿ ಸೇದಿದ ವಯಸ್ಸಾದ ಗಂಡಸರಲ್ಲಿ, ಬಲೂನಿನಂತೆ ಊದಿಕೊಳ್ಳುತ್ತದೆ. ಬಹಳ ಮಂದಿಗೆ ನೋವೂ ಇಲ್ಲ, ಸೂಚನೆಯೂ ಇಲ್ಲ. ಒಡೆದರೆ ಆಸ್ಪತ್ರೆಗೆ ತಲುಪುವಷ್ಟು ಹೊತ್ತೂ ಸಿಗದಿರಬಹುದು. ಆ ಊದಿದ ಗೋಡೆಯಲ್ಲಿ ಯಾವ ಜೀನ್‌ಗಳು ಕೆಲಸದಲ್ಲಿವೆ, ಯಾವುವು ಸುಮ್ಮನೆ ಕೂತಿವೆ ಎಂದು ನೋಡುವುದು ನನ್ನ ಕೆಲಸ. ಎಲ್ಲ ಜೀವಕೋಶಗಳಲ್ಲೂ ಅಡುಗೆ ಪುಸ್ತಕ ಒಂದೇ. ಈ ಹೊತ್ತು ಒಲೆಯ ಮೇಲೆ ಏನು ಬೇಯುತ್ತಿದೆ ಎಂದು ಹೇಳುವುದು ಆರ್‌ಎನ್‌ಎ. ಆದರೆ ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿದ ಗೋಡೆಯ ತುಂಡು ದೇಹದಿಂದ ಹೊರಬಂದ ಕೂಡಲೇ ಈ ಆರ್‌ಎನ್‌ಎ ಹಾಳಾಗತೊಡಗುತ್ತದೆ. ಯಂತ್ರ ಅದಕ್ಕೆ ಹತ್ತರಲ್ಲಿ ಅಂಕ ಕೊಡುತ್ತದೆ. ಏಳಾದರೂ ಬಾರದಿದ್ದರೆ ಆ ತುಂಡು ನಮಗೆ ಉಪಯೋಗವಿಲ್ಲ.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕಾದಿದ್ದು, ಆರ್‌ಎನ್‌ಎ ಕೆಡದಂತೆ ನಾನು ಕೊಟ್ಟಿರುವ ಮದ್ದಿನಲ್ಲಿ ಅದ್ದಿದ ತುಂಡಿನ ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ನಮ್ಮಲ್ಲಿಗೆ ತರುವವರು ಅಟೆಂಡರ್ ವಾರಿಜಕ್ಕ. ಕಾಪುವಿನವರು, ಐವತ್ತನಾಲ್ಕು ವರ್ಷ. ಅವರ ತಾಯಿ ಅಕ್ಕು ಕಟಪಾಡಿ ಪೇಟೆಯಲ್ಲಿ ಮೀನು ಮಾರುತ್ತಿದ್ದರು. ವಾರಿಜಕ್ಕ ಬೆಳಿಗ್ಗೆ ತಾಯಿಯೊಟ್ಟಿಗೆ ಮೀನು ಶುಚಿ ಮಾಡಿ, ಕೈಗೆ ಹುಣಸೆಹುಳಿ ತಿಕ್ಕಿ ತೊಳೆದು, ಶಾಲೆಗೆ ಓಡುತ್ತಿದ್ದವರು. ಹತ್ತನೇ ತರಗತಿಗೆ ಓದು ನಿಂತಿತು. ನಮ್ಮ ಪ್ರಯೋಗಾಲಯಕ್ಕೆ ಬಂದು ಇಪ್ಪತ್ತೆಂಟು ವರ್ಷ. ಯಾವ ಬಾಟಲಿ ಯಾವ ಕಪಾಟಿನಲ್ಲಿದೆ ಎಂದು ನಮ್ಮ ಮುಖ್ಯಸ್ಥರೂ ಅವರನ್ನೇ ಕೇಳುತ್ತಾರೆ.

ಒಂದು ವರ್ಷದಲ್ಲಿ ಹನ್ನೊಂದು ತುಂಡು ಬಂದಿತ್ತು. ಹನ್ನೊಂದೂ ಫೇಲು. ಎರಡು, ಎರಡೂವರೆ, ಒಮ್ಮೆ ಮೂರು. ಯಂತ್ರ ಸರಿಯಿತ್ತು, ರಾಸಾಯನಿಕಗಳು ಹೊಸತು, ನಾನಂತೂ ಚಿನ್ನದ ಪದಕದ ಹುಡುಗಿ! ಹಾಗಾದರೆ ಉಳಿದವರು ಯಾರು? ಸೋಮವಾರದ ಸಭೆಯಲ್ಲಿ ಹೇಳಿಯೇಬಿಟ್ಟೆ: ವಾರಿಜಕ್ಕ ದಾರಿಯಲ್ಲಿ ಮಾತಾಡುತ್ತಾ ನಿಲ್ಲುತ್ತಾರೆ, ತುಂಡು ಅಲ್ಲೇ ಹಾಳಾಗುತ್ತದೆ. ನಾನು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ ಆಯಿತು ಅಷ್ಟೆ.

ಮುಖ್ಯಸ್ಥರು, "ಹಾಗಾದರೆ ವಾರಿಜಾ ಬೇಡ, ಬೇರೆಯವರನ್ನು ಕಳುಹಿಸಿ" ಎಂದರು. ಮೂಲೆಯಲ್ಲಿ ಚಹಾದ ಲೋಟ ಜೋಡಿಸುತ್ತಿದ್ದ ವಾರಿಜಕ್ಕ ತಟ್ಟೆ ಕೆಳಗಿಟ್ಟರು.

"ಸರ್, ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕೈಯಲ್ಲಿ ಒಂದು ಸಾಮಾನು ಹಾಳಾದದ್ದು ಉಂಟಾ? ಇನ್ನೊಂದು ಸಲ ನಾನೇ ತರ್ತೇನೆ. ಐರಿನ್ ಮೇಡಂ ಗಡಿಯಾರ ಹಿಡ್ಕೊಂಡು ನನ್ನೊಟ್ಟಿಗೆ ಬರಲಿ. ತಪ್ಪು ನನ್ನದೇ ಆದರೆ ಆ ಕೆಲಸ ನಾನೇ ಬಿಡ್ತೇನೆ."

ಹನ್ನೆರಡನೆಯ ತುಂಡಿಗೆ ನಾನೂ ಹೋದೆ. ಬಾಟಲಿ ಕೈಗೆ ಬಂದದ್ದೇ ತಡ, ಅವರು ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದರು. ಯಾರೋ ನರ್ಸ್ "ಊಟ ಆಯ್ತಾ ವಾರಿಜಕ್ಕ?" ಎಂದದ್ದಕ್ಕೆ ತಿರುಗಿಯೂ ನೋಡಲಿಲ್ಲ. ಆರು ನಿಮಿಷ. ಇಪ್ಪತ್ತೊಂಬತ್ತರ ನಾನು ಏದುಸಿರು ಬಿಡುತ್ತಾ ಗೋಡೆ ಹಿಡಿದು ನಿಂತಿದ್ದೆ. ಅವರು ಆಗಲೇ ಫ್ರಿಜ್ಜಿನ ಬಾಗಿಲು ಮುಚ್ಚಿದ್ದರು.

ಮರುದಿನ ಆ ತುಂಡಿಗೆ ಬಂದ ಅಂಕ ಎರಡೂವರೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ವಾರಿಜಕ್ಕ ಗೆದ್ದೆ ಎಂದು ಬೀಗಲಿಲ್ಲ. "ಉಳಿದ ತುಂಡು ಉಂಟಲ್ಲ ಮೇಡಂ, ಒಮ್ಮೆ ತೋರಿಸಿ. ಒಂದು ವರ್ಷ ಹೊತ್ತಿದ್ದೇನೆ, ಒಳಗೆ ಎಂತ ಉಂಟು ಅಂತ ನೋಡಿದವಳಲ್ಲ" ಎಂದರು. ಕೈಗವಸು ಹಾಕಿಸಿ ತೋರಿಸಿದೆ. ಪರೀಕ್ಷೆಗೆ ಒಂದು ಚೂರು ತೆಗೆದದ್ದು ಬಿಟ್ಟರೆ ಹೆಬ್ಬೆರಳ ಗಾತ್ರದ ಇಡೀ ತುಂಡು. ಅದರ ಒಳಮೈಗೆ ಹಳೆಯ ರಕ್ತದ ಹೆಪ್ಪು ದಪ್ಪಕ್ಕೆ ಅಂಟಿಕೊಂಡಿತ್ತು. ಅವರು ಎರಡು ಕಡೆಯಿಂದ ಒತ್ತಿ ನೋಡಿದರು. ಹೊರಗೆ ಗಟ್ಟಿ, ನಡುವೆ ಮೆತ್ತಗೆ.

"ಇದನ್ನು ಹೀಗೇ ಇಡಿಯಾಗಿ ಮದ್ದಿಗೆ ಹಾಕಿದ್ದಾ?"

"ಹೌದು. ಎಂತ?"

"ಅಯ್ಯೋ ಮಾರಾಯ್ರೇ! ದೊಡ್ಡ ಅಂಜಲ್ ಮೀನಿನ ಮೇಲೆ ಎಷ್ಟು ಐಸ್ ಸುರಿದರೂ ಹೊಟ್ಟೆ ಸೀಳದಿದ್ದರೆ ಒಳಗೆ ತಂಪು ಮುಟ್ತದಾ? ಮೊದಲು ರಕ್ತ ತೆಗೀಬೇಕು. ಬೆನ್ನುಮೂಳೆಗೆ ಅಂಟಿದ ರಕ್ತ ಒಂದು ಗೆರೆ ಉಳಿದರೂ ನನ್ನ ಅಮ್ಮ ತಲೆಗೆ ಮೊಟಕ್ತಿದ್ದರು. ರಕ್ತವೇ ಮೊದಲು ಹಾಳಾಗುವುದು, ಮತ್ತೆ ಮಾಂಸವನ್ನೂ ಕೆಡಿಸ್ತದೆ."

ಅರ್ಧ ಸೆಂಟಿಮೀಟರಿಗಿಂತ ದಪ್ಪದ ತುಂಡು ಹಾಕಬಾರದೆಂದು ಮದ್ದಿನ ಬಾಟಲಿಯ ಜೊತೆಗಿನ ಕಾಗದದಲ್ಲೇ ಇತ್ತು. ನಾನು ಅದನ್ನು ಓದಿದ್ದೆ. ಮಹಾಧಮನಿಯ ಗೋಡೆ ಸುಮಾರು ಎರಡು ಮಿಲಿಮೀಟರ್ ಎಂದು ಪಠ್ಯಪುಸ್ತಕದಲ್ಲೂ ಓದಿದ್ದೆ. ಹಾಗಾಗಿ ಅಳೆಯುವ ಗೋಜಿಗೇ ಹೋಗಿರಲಿಲ್ಲ. ಪುಸ್ತಕದಲ್ಲಿದ್ದದ್ದು ಆರೋಗ್ಯವಂತನ ಗೋಡೆ. ನಮ್ಮ ರೋಗಿಗಳದ್ದು ಹೆಪ್ಪು ಕಟ್ಟಿದ ಗೋಡೆ. ಹನ್ನೆರಡು ಮಂದಿ ನಂಬಿ ಕೊಟ್ಟದ್ದನ್ನು ಹಾಳು ಮಾಡಿದವಳು ನಾನು. ಅಲ್ಲೇ ನಿಂತು ಅತ್ತುಬಿಟ್ಟೆ. ವಾರಿಜಕ್ಕ ನನ್ನನ್ನು ಸಮಾಧಾನ ಮಾಡಲಿಲ್ಲ. "ಅಳುವುದು ಮತ್ತೆ. ಮೊದಲು ಸರ್‌ಗೆ ಹೇಳಿ" ಎಂದರು.

ಹೇಳಿದೆ. ಮುಖ್ಯಸ್ಥರು, "ಇನ್ನೊಂದೇ ಒಂದು ಅವಕಾಶ. ಅದೂ ಹಾಳಾದರೆ ರೋಗಿಗಳ ಹತ್ತಿರ ತುಂಡು ಕೇಳುವುದನ್ನೇ ನಿಲ್ಲಿಸುತ್ತೇನೆ. ಕತ್ತರಿಸುವುದು ವಾರಿಜಾ. ನೀನು ಪಕ್ಕದಲ್ಲಿ ನಿಂತು ಕಲಿ" ಎಂದರು. ಎರಡು ವಾರ ವಾರಿಜಕ್ಕನಿಗೆ ತರಬೇತಿ ನಡೆಯಿತು, ಮಾಸ್ಕು, ಕೈಗವಸು, ಸೋಂಕಿನ ನಿಯಮ ಎಲ್ಲ. ಪರೀಕ್ಷೆಯಲ್ಲಿ ನನಗಿಂತ ಒಂದು ಅಂಕ ಹೆಚ್ಚು ತೆಗೆದರು.

ಹದಿಮೂರನೆಯವರು ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ಮುದ್ದಣ್ಣ, ಅರವತ್ತೆಂಟು ವರ್ಷ. ಒಪ್ಪಿಗೆಯ ಕಾಗದವನ್ನು ವಾರಿಜಕ್ಕ ತುಳುವಿನಲ್ಲಿ ಬಿಡಿಸಿ ಹೇಳಿದರು. ಇದರಿಂದ ನಿಮಗೇನೂ ಲಾಭವಿಲ್ಲ, ಮುಂದೆ ಬರುವವರಿಗೆ ಇರಬಹುದು ಎಂದೂ ಹೇಳಿದರು. ಮುದ್ದಣ್ಣ ತುಳುವಿನಲ್ಲೇ, "ಕೆಟ್ಟುಹೋದ ನಾಳ ನನಗೆ ಎಂತಕ್ಕೆ? ಕೊಂಡುಹೋಗಿ. ಆದರೆ ಕೊಟ್ಟದ್ದನ್ನು ದಂಡ ಮಾಡಬೇಡಿ" ಎಂದರು. ನಾನು ನೆಲ ನೋಡಿದೆ.

ಅಂದು ಥಿಯೇಟರಿನ ಪಕ್ಕದ ಕೋಣೆಯಲ್ಲೇ ಐಸ್ ಮೇಲೆ ತಟ್ಟೆ ಸಿದ್ಧವಿತ್ತು. ತುಂಡು ಹೊರಬಂತು. ವಾರಿಜಕ್ಕ ಚಿಮಟದಲ್ಲಿ ಹೆಪ್ಪನ್ನು ಮೆಲ್ಲನೆ ಸುಲಿದರು. ಗೋಡೆಗೆ ಒಂದು ಗೀರು ಬೀಳಲಿಲ್ಲ. ತಣ್ಣನೆಯ ದ್ರಾವಣದಲ್ಲಿ ಒಮ್ಮೆ ಅಲುಗಿಸಿ, ತೆಳ್ಳಗೆ ಪಟ್ಟಿ ಪಟ್ಟಿ ಕತ್ತರಿಸಿ ಮದ್ದಿಗೆ ಹಾಕಿದರು. ಕತ್ತರಿ ಒಂದು ಸಲವೂ ತಡವರಿಸಲಿಲ್ಲ. ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ.

ಮರುದಿನ ಸಂಜೆ ಯಂತ್ರದ ಮುಂದೆ ನಾವಿಬ್ಬರೇ ಇದ್ದೆವು. ಪರದೆಯ ಮೇಲೆ ಗೆರೆ ನಿಧಾನ ಎದ್ದಿತು. ಒಂದು ಶಿಖರ, ಅದರ ಪಕ್ಕದಲ್ಲಿ ಇನ್ನೂ ಎತ್ತರದ್ದೊಂದು. ಒಳ್ಳೆಯ ಆರ್‌ಎನ್‌ಎ ಇರುವುದೇ ಹೀಗೆ, ಆದರೆ ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ. ಅಂಕ ಬಂತು: ಎಂಟೂವರೆ.

ನಾನು ಕಿರುಚಿದ ಕಿರುಚಿಗೆ ಪಕ್ಕದ ಕೋಣೆಯವರು ಓಡಿ ಬಂದರು. "ಪಾಸಾ?" ಎಂದರು ವಾರಿಜಕ್ಕ. "ಫಸ್ಟ್ ಕ್ಲಾಸ್!" ಎಂದೆ. ಆಗ ಅವರು ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು, ಮನಸ್ಸು ತುಂಬ ಅತ್ತರು. ನನ್ನ ಮಾತು ಅವರನ್ನು ಎಷ್ಟು ಸುಟ್ಟಿತ್ತೆಂದು ಆಗ ಗೊತ್ತಾಯಿತು. ಕೈ ಹಿಡಿದು ಕ್ಷಮೆ ಕೇಳಿದೆ. "ಆಯ್ತು ಬಿಡಿ. ಆದರೆ ಮೇಡಂ, ಇನ್ನು ಯಾರ ಬಗ್ಗೆಯೂ ನೋಡದೆ ಹೇಳಬೇಡಿ" ಎಂದರು.

ಅನಂತರದ ಹದಿನಾಲ್ಕು ತುಂಡುಗಳಲ್ಲಿ ಒಂದೂ ಏಳಕ್ಕಿಂತ ಕೆಳಗೆ ಇಳಿದಿಲ್ಲ. ಗೋಡೆ ಕಟ್ಟುವ ಜೀನ್‌ಗಳು ಮೌನ, ಗೋಡೆ ತಿನ್ನುವ ಜೀನ್‌ಗಳದ್ದು ಗಲಾಟೆ ಎಂಬುದು ಈಗ ನಮಗೆ ಸ್ಪಷ್ಟವಾಗಿ ಕಾಣುತ್ತಿದೆ. ಮುದ್ದಣ್ಣ ಗುಣವಾಗಿ ತೋಟಕ್ಕೆ ಮರಳಿದ್ದಾರೆ. ಬೀಡಿ ಬಿಟ್ಟೆ ಎನ್ನುತ್ತಾರೆ, ನಂಬಬೇಕು.

ಕಳೆದ ಗುರುವಾರ ಇನ್ನೊಂದು ಶಸ್ತ್ರಚಿಕಿತ್ಸೆಯಿತ್ತು. ಕಟಪಾಡಿಯಲ್ಲಿ ಬಸ್ಸು ಕೆಟ್ಟು ವಾರಿಜಕ್ಕನಿಗೆ ಸ್ವಲ್ಪ ತಡವಾಗಿತ್ತು. ಗೌನು ತೊಟ್ಟು, ತಟ್ಟೆ ಸಿದ್ಧ ಮಾಡಿಕೊಂಡು ನಾನೊಬ್ಬಳೇ ನಿಂತಿದ್ದೆ. ನನಗೂ ಈಗ ಕತ್ತರಿಸಲು ಬರುತ್ತದೆ ಎಂಬ ಸಣ್ಣ ಜಂಬವೂ ಇತ್ತು. ಶಸ್ತ್ರಚಿಕಿತ್ಸೆ ಶುರುವಾಗುವ ಮೊದಲು ಸರ್ಜನ್ ಬಾಗಿಲಿನಿಂದ ಇಣುಕಿ, ನನ್ನನ್ನು ದಾಟಿ ಹಿಂದೆ ನೋಡಿದರು.

"ನೀವು ಇದ್ದೀರಿ, ಸರಿ," ಎಂದರು, "ವಾರಿಜಕ್ಕ ಎಲ್ಲಿ?"