ಗೇಟಿನಲ್ಲೇ ನಿಲ್ಲುತ್ತಿದ್ದ ಭದ್ರಾವತಿ ಅಕ್ಕ

ಕಳೆದ ವಾರ ಶಿವಮೊಗ್ಗದ ದುರ್ಗಿಗುಡಿಯ ಒಂದು ಕ್ಲಿನಿಕ್ಕಿನಲ್ಲಿ ಬಿಪಿ ನೋಡಲೆಂದು ನರ್ಸು ನನ್ನ ತೋಳಿಗೆ ಪಟ್ಟಿ ಸುತ್ತಿದಳು. ಹೊಸ ಪಟ್ಟಿ ಇರಬೇಕು, ರಬ್ಬರು ಮತ್ತು ರೆಕ್ಸಿನ್ ಕಲೆತಂಥ ವಾಸನೆ ಬರುತ್ತಿತ್ತು. ಗಾಳಿ ತುಂಬಿ ಅದು ತೋಳನ್ನು ಬಿಗಿಯುತ್ತಾ ಬಂದಾಗ ನನ್ನ ಎದೆ ಡವಗುಟ್ಟಲು ಶುರುವಾಯಿತು. "ಯಾಕ್ ಮೇಡಂ, ಏನಾದ್ರೂ ಟೆನ್ಷನ್ ಮಾಡ್ಕೊಂಡಿದೀರಾ? ಜಾಸ್ತಿ ತೋರಿಸ್ತಿದೆ" ಎಂದಳು. ಆ ವಾಸನೆಯೂ ಆ ಬಿಗಿತವೂ ನನಗೆ ಹಳೆಯ ಪರಿಚಯ. ನನ್ನ ಮಗನ ಮೊದಲ ಜಾಕೆಟ್ಟಿಗೆ ಇದೇ ವಾಸನೆಯಿತ್ತು. ಅದನ್ನು ನಮ್ಮ ಮನೆಗೆ ತಂದುಕೊಟ್ಟವಳು ಭದ್ರಾವತಿಯ ಅಕ್ಕ. ಒಡಹುಟ್ಟಿದವಳಲ್ಲ, ದೂರದ ನೆಂಟಸ್ತಿಕೆಯೂ ಇಲ್ಲ. ಏನೆಂದು ಕರೆಯಬೇಕೋ ತಿಳಿಯದೆ ಮೊದಲ ದಿನ ಅಕ್ಕ ಎಂದೆ, ಅದೇ ಉಳಿಯಿತು.

ಮಗನಿಗೆ ಆಗ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಕೆಮ್ಮು, ಎಷ್ಟು ತಿಂದರೂ ಮೈಗೆ ಹತ್ತದ ಊಟ, ಮೇಲಿಂದ ಮೇಲೆ ನ್ಯುಮೋನಿಯ. ಅತ್ತೆ ಅವನ ಕೆನ್ನೆಗೆ ಮುತ್ತು ಕೊಟ್ಟಾಗಲೆಲ್ಲ "ಉಪ್ಪಿನ ಡಬ್ಬಿ ಕಣೇ ನಿನ್ನ ಮಗ" ಎಂದು ನಗುತ್ತಿದ್ದರು. ಆ ಉಪ್ಪೇ ಕಾಯಿಲೆಯ ಗುರುತೆಂದು ತಿಳಿದದ್ದು ಬೆಂಗಳೂರಿನಲ್ಲಿ ಅವನ ಬೆವರು ಪರೀಕ್ಷೆ ಮಾಡಿಸಿದ ಮೇಲೆ. ಸಿಸ್ಟಿಕ್ ಫೈಬ್ರೋಸಿಸ್ ಎಂದರು. ಬೇರೆ ಮಕ್ಕಳ ಎದೆಯಲ್ಲಿ ತೆಳ್ಳಗಿರುವ ಕಫ ಈ ಮಕ್ಕಳಲ್ಲಿ ಅಂಟಿನ ಹಾಗೆ ಗಟ್ಟಿಯಾಗಿ ಶ್ವಾಸಕೋಶದ ಮೂಲೆಮೂಲೆಯಲ್ಲಿ ಕೂತುಬಿಡುತ್ತದೆ. ಬೆಳಿಗ್ಗೆ ಸಂಜೆ ಅದನ್ನು ಅಲುಗಿಸಿ, ಕೆಮ್ಮಿಸಿ, ಹೊರಗೆ ಹಾಕಿಸಬೇಕು. ಬಿಟ್ಟರೆ ಸೋಂಕಿನ ಮೇಲೆ ಸೋಂಕಾಗಿ ಶ್ವಾಸಕೋಶ ಹಾಳಾಗುತ್ತಾ ಹೋಗುತ್ತದೆ. ವಾಸಿಯಾಗುವುದಲ್ಲ, ಕಾಪಾಡಿಕೊಳ್ಳುವುದಷ್ಟೇ ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದರು.

ಹಾಗಾಗಿ ನಾನು ಅವನನ್ನು ತೊಡೆಯ ಮೇಲೆ ಬೋರಲು ಮಲಗಿಸಿ, ಅಂಗೈಯನ್ನು ಬೊಗಸೆಯಂತೆ ಬಗ್ಗಿಸಿ, ಬೆನ್ನು ಪಕ್ಕೆಗಳ ಮೇಲೆ ತಟ್ಟುತ್ತಿದ್ದೆ. ನನ್ನ ಕೈ ಬಗ್ಗಿದ್ದು ಕಂಡರೆ ಸಾಕು, ಮಂಚದ ಕೆಳಗೆ ನುಸುಳಿಬಿಡುತ್ತಿದ್ದ. ಎಳೆದು ತಂದರೆ ರಂಪ. ಗೋಪಾಳದ ನಮ್ಮ ಬೀದಿಯಲ್ಲಿ ನಾನು ಮಗುವನ್ನು ಹೊಡೆಯುವವಳೆಂದು ಹೆಸರಾಗಿತ್ತು. ಅತ್ತೆಯೂ ಸುಮ್ಮನಿರಲಿಲ್ಲ. "ಲೋಕದೋರೆಲ್ಲ ಮಗೂ ಕೆಮ್ಮು ನಿಲ್ಲಲಿ ಅಂತ ಔಷಧಿ ಕೊಡ್ತಾರೆ, ಇವಳು ಕೆಮ್ಮಲಿ ಅಂತ ಗುದ್ದುತಾಳೆ" ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಹೇಳುತ್ತಿದ್ದರು. ನನ್ನದೂ ಸಣ್ಣ ಬಾಯಿಯಲ್ಲ, ತಿರುಗಿಸಿ ಹೇಳುತ್ತಿದ್ದೆ. ಇವೆಲ್ಲದರ ನಡುವೆ ಹುಡುಗನ ಉಸಿರು ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಗುತ್ತಿತ್ತು.

ಜಾಕೆಟ್ಟಿನ ಮಾತು ಎತ್ತಿದ್ದು ಶಿವಮೊಗ್ಗದ ಫಿಸಿಯೋಥೆರಪಿ ಹುಡುಗಿ. ಮಗುವಿಗೆ ತೊಡಿಸುವ, ಒಳಗೆ ಗಾಳಿ ತುಂಬುವ ಜಾಕೆಟ್ಟು. ಎರಡು ದಪ್ಪ ಕೊಳವೆಗಳು ಒಂದು ಮಿಷನ್ನಿಗೆ ಸೇರಿರುತ್ತವೆ. ಮಿಷನ್ ಗಾಳಿಯನ್ನು ಬಿಟ್ಟುಬಿಟ್ಟು ನೂಕುತ್ತದೆ, ಜಾಕೆಟ್ಟು ಎದೆಯನ್ನು ಎಲ್ಲ ಕಡೆಯಿಂದ ಗಡಗಡ ನಡುಗಿಸುತ್ತದೆ, ಅಂಟಿದ ಕಫ ಸಡಿಲಾಗಿ ಮೇಲೆ ಬರುತ್ತದೆ. ಬೆಲೆ ಕೇಳಿ ನನ್ನ ಗಂಡ ಪಾಸ್‌ಬುಕ್ಕು ತೆಗೆದು ನೋಡಿ ಮತ್ತೆ ಬೀರುವಿನೊಳಗೆ ಇಟ್ಟರು. ಆಗ ಆ ಹುಡುಗಿಯೇ ಭದ್ರಾವತಿಯ ಒಂದು ಮನೆಯವರನ್ನು ಕೇಳಿ ನೋಡುತ್ತೇನೆ ಎಂದಳು. ಅಲ್ಲಿ ಹನ್ನೆರಡು ವರ್ಷದ ಹೆಣ್ಣುಮಗುವಿಗೆ ಇದೇ ಕಾಯಿಲೆ. ಅವರ ಬಂಧುಗಳು ಯಾರೋ ಹೊರದೇಶದಿಂದ ಮಿಷನ್ ತರಿಸಿಕೊಟ್ಟಿದ್ದರಂತೆ.

ಮರುದಿನವೇ ಅಕ್ಕನ ಫೋನು ಬಂತು. ಹೆಸರು, ಊರು ಏನೂ ವಿಚಾರಿಸಲಿಲ್ಲ. "ಪಾಪು ಎದೆ ಸುತ್ತಳತೆ ನೋಡಿ ಹೇಳಿ ಮಾ" ಎಂದಳು. ಅವಳದು ಕಾರ್ಖಾನೆ ಕ್ವಾರ್ಟರ್ಸಿನ ತಮಿಳು ಬೆರೆತ ಕನ್ನಡ. ಅಳೆದು ಹೇಳಿದೆ. ಅವರಿಗೆ ಮಿಷನ್ ಬಂದಾಗ ತಪ್ಪಿ ಪುಟ್ಟ ಅಳತೆಯ ಜಾಕೆಟ್ಟೂ ಒಂದು ಬಂದಿತ್ತಂತೆ, ಕವರು ಸಹ ಒಡೆದಿರಲಿಲ್ಲ. ಮಗಳು ಈಗ ಊದುವ ಸಾಧನದಲ್ಲಿ ಉಸಿರಾಟದ ವ್ಯಾಯಾಮ ಕಲಿತಿದ್ದಾಳೆ, ಸದ್ಯಕ್ಕೆ ಮಿಷನ್ ಬೇಕಿಲ್ಲ ಎಂದು ಡಾಕ್ಟರು ಹೇಳಿದ್ದಾರೆ, ನೀವು ಇಟ್ಟುಕೊಳ್ಳಿ ಎಂದಳು. ಕೊನೆಗೆ, "ಅವಳಿಗೆ ಜಾಸ್ತಿಯಾದ್ರೆ ಮಾತ್ರ ವಾಪಸ್ ಕೇಳ್ತೀನಿ, ಬೇಜಾರ್ ಮಾಡ್ಕೋಬಾರದು" ಎಂದಳು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತಿತು. ಆಮೇಲೆ ಅವಳ ನಂಬರಿನಿಂದ ಫೋನು ಬಂದಾಗಲೆಲ್ಲ ವಾಪಸ್ ಕೇಳುತ್ತಾಳೇನೋ ಎಂದುಕೊಂಡೇ ಎತ್ತುತ್ತಿದ್ದೆ.

ಮಿಷನ್ ತಂದ ದಿನ ಅವಳು ಗೇಟಿನಲ್ಲೇ ನಿಂತಳು. ತೆಳ್ಳಗಿನ ಹೆಂಗಸು, ಮೂಗಿಗೆ ಮಾಸ್ಕು, ಕೈಯಲ್ಲಿ ಭಾರದ ಚೀಲ. ಒಳಗೆ ಕರೆದೆ, ಬರಲಿಲ್ಲ. ಈ ಕಾಯಿಲೆಯ ಇಬ್ಬರು ಮಕ್ಕಳು ಹತ್ತಿರ ಬರಬಾರದೆಂದು ಫಿಸಿಯೋ ಹುಡುಗಿ ನಮಗೂ ಹೇಳಿದ್ದಳು. ಒಬ್ಬರ ಎದೆಯೊಳಗಿನ ರೋಗಾಣು ಇನ್ನೊಬ್ಬರಿಗೆ ಸೇರಿದರೆ ಕೆಲವು ಸಲ ಮತ್ತೆ ಹೋಗುವುದೇ ಇಲ್ಲ. ಅಕ್ಕನ ಮಗಳ ಎದೆಯಲ್ಲಿ ಅಂಥದೊಂದು ಹಟಮಾರಿ ರೋಗಾಣು ಮನೆ ಮಾಡಿತ್ತು. ತಾಯಂದಿರು ಅಷ್ಟೊಂದು ಹೆದರಬೇಕಿಲ್ಲ ಎಂದರೂ ಅಕ್ಕ ಒಪ್ಪಲಿಲ್ಲ. "ಬೆಳಿಗ್ಗೆಯಿಂದ ನನ್ನ ಸೀರೆ ಮೇಲೇ ಕೆಮ್ಮಿದಾಳೆ. ಬೇಡ ಮಾ" ಎಂದಳು. ಮಿಷನ್ ಗಾಳಿ ಊದುತ್ತದಷ್ಟೇ, ಅದನ್ನು ಒರೆಸಿಕೊಂಡರೆ ಸಾಕು, ಜಾಕೆಟ್ಟು ಕೊಳವೆಗಳು ಮಾತ್ರ ಯಾವತ್ತೂ ಬೇರೆಬೇರೆ ಎಂದು ಅಲ್ಲಿಂದಲೇ ಎಲ್ಲ ವಿವರಿಸಿ ಹೋದಳು.

ಅತ್ತೆಗೆ ಇದು ಹಿಡಿಸಲಿಲ್ಲ. ಮನೆಗೆ ಬಂದ ಮುತ್ತೈದೆ ನೀರು ಕುಡಿಯದೆ, ಕುಂಕುಮ ಇಟ್ಟುಕೊಳ್ಳದೆ ಹೋಗುವುದೆಂದರೇನು. ಅದಕ್ಕಿಂತ ಹೆಚ್ಚಾಗಿ, ಎದುರುಮನೆಯವರು ನೋಡುತ್ತಿದ್ದರು. ಕಾರ್ಖಾನೆ ಕಡೆಯ ಹೆಂಗಸೆಂದು ನಾವೇ ಅವಳನ್ನು ಹೊರಗೆ ನಿಲ್ಲಿಸಿದ್ದೇವೆ ಎಂದು ಜನ ತಿಳಿದಾರೆಂಬ ಸಂಕಟ ಅವರಿಗೆ. "ನಮ್ಮನೇಲಿ ಯಾರನ್ನೂ ಬಾಗಿಲಾಚೆ ನಿಲ್ಲಿಸಿದ್ದಿಲ್ಲ, ನನ್ನ ಕಾಲದಲ್ಲಿ ಇದೂ ನೋಡೋ ಹಾಗಾಯ್ತಲ್ಲ" ಎಂದು ಕೊರಗಿದರು. ನಾನು ಎಷ್ಟು ವಿವರಿಸಿದರೂ ಒಂದು ಮಗುವಿನ ಹತ್ತಿರ ಇನ್ನೊಂದು ಮಗು ಸುಳಿಯಬಾರದಂಥ ಕಾಯಿಲೆ ಇದೆಯೆಂದು ಅವರು ನಂಬಲಿಲ್ಲ.

ಜಾಕೆಟ್ಟು ಮಾತ್ರ ಮಗನಿಗೆ ಹಿಡಿಸಿತು. ಅದು ನಡುಗುವಾಗ ಬಾಯಿ ತೆರೆದು "ಆ..." ಎಂದು ರಾಗ ಎಳೆದರೆ ದನಿ ಚೂರುಚೂರಾಗಿ ಬರುತ್ತಿತ್ತು, ಅದೇ ಅವನಿಗೆ ಆಟ. ಮುಗಿದ ಮೇಲೆ ಕೆಮ್ಮಿ ಕೆಮ್ಮಿ ಉಗಿಯುತ್ತಿದ್ದ. ಆ ಬೇಸಿಗೆಯಲ್ಲಿ ಅವನು ಆಸ್ಪತ್ರೆ ಮೆಟ್ಟಿಲು ಹತ್ತಲಿಲ್ಲ. ಗಲ್ಲ ಸ್ವಲ್ಪ ತುಂಬಿಕೊಂಡಿತು.

ಮಳೆಗಾಲದಲ್ಲಿ, ನಾನು ಹೆದರುತ್ತಿದ್ದ ಫೋನು ಬಂತು. ಮಗಳಿಗೆ ಜಾಸ್ತಿಯಾಗಿದೆ ಎಂದಳು. ಅದೇ ವಾರ ಮಗನಿಗೂ ಜ್ವರ ಏರಿ, ಪಕ್ಕೆ ಒಳಗೆ ಸೆಳೆಯುತ್ತಿತ್ತು. ಹೇಳಬಾರದೆಂದುಕೊಂಡಿದ್ದೆ, ಅಷ್ಟರಲ್ಲಿ ಅವನ ಕೆಮ್ಮು ಅವಳಿಗೇ ಫೋನಿನಲ್ಲಿ ಕೇಳಿಸಿತು. ಇರುವುದು ಒಂದು ಮಿಷನ್. ಕೊನೆಗೆ ಅವಳೇ, "ಇಬ್ರೂ ಇಟ್ಕೊಳ್ಳೋಣ. ನಾನೇ ಹೊತ್ಕೊಂಡು ಬರ್ತೀನಿ" ಎಂದಳು.

ಅಲ್ಲಿಂದ ದಿನವೂ ಆ ಮಿಷನ್ ಭದ್ರಾವತಿಗೂ ಶಿವಮೊಗ್ಗಕ್ಕೂ ಓಡಾಡಿತು. ಬೆಳಿಗ್ಗೆ ಅವಳ ಮಗಳಿಗೆ. ಆಮೇಲೆ ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು, ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಕೊಟ್ಟು ಹೋಗುವಳು. ಹೊಲಿಗೆ ಮಿಷನ್ನಾ ಎಂದು ಬಸ್ಸಿನವರು ಕೇಳಿದರೆ ಹೌದು ಎನ್ನುತ್ತಿದ್ದಳಂತೆ. ಸಂಜೆ ಮಗನದು ಮುಗಿದ ಮೇಲೆ ನನ್ನ ಗಂಡ ಸ್ಕೂಟರಿನಲ್ಲಿ ಒಯ್ದು ಅವರ ಮನೆ ಮುಂದೆ ಇಟ್ಟು ಬರುತ್ತಿದ್ದರು. ಬಸ್ಸು ತಡವಾದರೆ ನಾನು ಗೇಟು ಬಿಟ್ಟು ಕದಲುತ್ತಿರಲಿಲ್ಲ. ಮಿಷನ್ ಬಂದ ಹೊತ್ತಿಗೇ ಕರೆಂಟು ಹೋದರೆ ಲೈನ್‌ಮನ್ನಿಗೆ ನಾನು ಬೈದ ಬೈಗುಳ ಬೀದಿಗೆಲ್ಲ ಕೇಳುತ್ತಿತ್ತು. ನಮ್ಮಲ್ಲಿ ತಡವಾದಷ್ಟೂ ಅಲ್ಲಿ ಆ ಹುಡುಗಿ ಉಸಿರಿಗೆ ಕಷ್ಟಪಡುತ್ತಾ ಕಾಯುತ್ತಿರುತ್ತಾಳೆ ಎಂಬುದು ಮನಸ್ಸಿನಿಂದ ಹೋಗುತ್ತಿರಲಿಲ್ಲ.

ನಾಗರ ಪಂಚಮಿಯ ದಿನ ಅಕ್ಕ ಆಟೋದಲ್ಲಿ ಬಂದಳು. ಮಗಳನ್ನು ಶಿವಮೊಗ್ಗದಲ್ಲೇ ಡಾಕ್ಟರಿಗೆ ತೋರಿಸಬೇಕಿತ್ತು. ಮಗಳನ್ನು ಒಳಗೇ ಕೂರಿಸಿ ಆಟೋವನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ ಬಂದಿದ್ದಳು. ನಾನು ಮಿಷನ್ ಇಸಿದುಕೊಂಡು ಒಳಗೆ ಹೋಗಿ ಒರೆಸುತ್ತಿದ್ದೆ. ಅತ್ತೆಗೆ ಹಬ್ಬದ ದಿನ ಬಾಗಿಲಿಗೆ ಬಂದ ಮಗು ಬರೀ ಬಾಯಲ್ಲಿ ಹೋಗುವುದನ್ನು ನೋಡಲಾಗಲಿಲ್ಲ. ತಂಬಿಟ್ಟಿನ ತಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಮಗನನ್ನು ಹಿಡಿದು, ಹಿತ್ತಲಿನಿಂದಲೇ ಸುತ್ತಿ ಆಟೋದ ಹತ್ತಿರ ಹೋಗಿದ್ದಾರೆ. ಹೋಗಿ ತಂಬಿಟ್ಟನ್ನು ಮಗನ ಕೈಗೇ ಕೊಟ್ಟು, ಒಳಗಿದ್ದ ಹುಡುಗಿಯನ್ನು ತೋರಿಸಿ, ಅಕ್ಕಂಗೆ ಕೊಡು ಎಂದಿದ್ದಾರೆ.

ಗೇಟಿನಲ್ಲಿದ್ದ ಭದ್ರಾವತಿ ಅಕ್ಕ ಕೂಗಿದ್ದು ಕೇಳಿ ನಾನು ಹೊರಗೆ ಓಡಿಬಂದೆ. ಮಗ ಆಟೋದ ಮೆಟ್ಟಿಲಿಗೆ ಕಾಲಿಟ್ಟು, ಕೈ ಮುಂದೆ ಚಾಚಿದ್ದ. ಆ ಹುಡುಗಿ ಎರಡು ಕೈಯಿಂದ ಮಾಸ್ಕು ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಆಚೆ ಬದಿಯಿಂದ ಧುಮುಕಿ ಓಡಿದಳು. ಅವಳಿಗೆ ಓಡುವ ಶಕ್ತಿಯಿರಲಿಲ್ಲ. ಜಿಟಿಜಿಟಿ ಮಳೆಯಲ್ಲಿ ರಸ್ತೆ ದಾಟಿ, ದೂರದ ಕರೆಂಟು ಕಂಬದವರೆಗೆ ಹೋಗಿ, ನಮಗೆ ಬೆನ್ನು ಹಾಕಿ, ಮಂಡಿ ಹಿಡಿದುಕೊಂಡು ಬಗ್ಗಿ ಕೆಮ್ಮತೊಡಗಿದಳು. ಅಷ್ಟು ದೂರ ಹೋಗುವವರೆಗೂ ತಡೆದುಕೊಂಡಿದ್ದ ಕೆಮ್ಮು... ನಿಲ್ಲಲೇ ಇಲ್ಲ. "ಅಕ್ಕಂಗೆ ನಾನು ಇಷ್ಟ ಇಲ್ವಾ" ಎಂದು ಮಗ ಅಳಲು ಶುರುಮಾಡಿದ. ಅತ್ತೆ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ಅವತ್ತಿನಿಂದ ಅವರಿಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ.

ನನಗೆ ಕೋಪ ನೆತ್ತಿಗೇರಿತ್ತು. ಬಾಯಿ ತೆರೆಯುವ ಮೊದಲೇ ಅಕ್ಕ, "ಅಮ್ಮನ್ನ ಬೈಬೇಡ ಮಾ. ನನ್ ಮಗಳಿಗೆ ತಿನ್ನೋಕೆ ಕೊಡೋಕೆ ಬಂದ್ರು ಅಷ್ಟೇ. ಅವಳನ್ನ ಎಷ್ಟೋ ಜನ ದೂರವೇ ಇಡ್ತಾರೆ" ಎಂದಳು. ಹೇಳಿ ಮಗಳ ಕಡೆಗೆ ಹೋದಳು.

ಮಗನ ಗಂಟಲಿನಿಂದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ದಿನಗಳನ್ನು ಹೇಗೆ ಕಳೆದೆನೋ ಗೊತ್ತಿಲ್ಲ. ಅವನು ಒಂದು ಸಲ ಕೆಮ್ಮಿದರೆ ನಾನೂ ಅತ್ತೆಯೂ ಇಬ್ಬರೂ ಎದ್ದು ನಿಲ್ಲುತ್ತಿದ್ದೆವು. ನಾವು ಮಾತು ಬಿಟ್ಟಿದ್ದೆವು, ಆದರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು. ಅಕ್ಕ ಎಂದಿನಂತೆ ಮಿಷನ್ ತಂದು ಕೊಡುತ್ತಿದ್ದಳು, ಆದರೆ ಈಗ ಗೇಟಿಗೂ ಬರದೆ ರಸ್ತೆಯಲ್ಲಿ ಇಟ್ಟು ದೂರ ಸರಿಯುತ್ತಿದ್ದಳು. ವರದಿಯಲ್ಲಿ ಆ ರೋಗಾಣು ಇರಲಿಲ್ಲ. ಮೊದಲು ಫೋನು ಮಾಡಿದ್ದು ಅವಳಿಗೆ. ಅವಳು ಅತ್ತಳು. ಹಿಂದಿನಿಂದ ಮಿಷನ್ನಿನ ಸದ್ದು, ಆ ಸದ್ದಿನೊಳಗೇ ನಡುಗುವ ಒಂದು ಸಣ್ಣ ದನಿ ಕೇಳಿತು. "ಪುಟ್ಟಂಗೆ ಹೇಳಿ ಆಂಟಿ, ನಂಗೆ ತಂಬಿಟ್ಟು ಅಂದ್ರೆ ತುಂಬಾ ಇಷ್ಟ."

ಮಗ ಚೇತರಿಸಿಕೊಂಡ. ಆ ಹುಡುಗಿ ಚೇತರಿಸಿಕೊಳ್ಳಲಿಲ್ಲ. ಮಿಷನ್ ಅಲ್ಲಿಯೇ ಉಳಿಯಲಿ ಎಂದು ನಾನೇ ಹೇಳಿದೆ, ಮತ್ತೆ ಕೈಯಿಂದ ತಟ್ಟತೊಡಗಿದೆ. ಈ ಸಲ ಅತ್ತೆಯೇ ಮಗನನ್ನು ಹಿಡಿದು ಕೂರಿಸಿ ಕೊಡುತ್ತಿದ್ದರು. ಅಕ್ಕನ ಫೋನುಗಳು ಚಿಕ್ಕವಾಗುತ್ತಾ ಬಂದವು. ಒಂದು ಸಲ ಆಸ್ಪತ್ರೆಯಿಂದ, ಇನ್ನೊಂದು ಸಲ ಆಸ್ಪತ್ರೆಯಿಂದಲೇ... ಆಮೇಲೆ ಬರಲಿಲ್ಲ.

ಚಳಿ ಶುರುವಾಗಿದ್ದ ಒಂದು ಬೆಳಿಗ್ಗೆ ಗೇಟಿನ ಸದ್ದಾಯಿತು. ಅಕ್ಕ ಚೀಲ ಹೊತ್ತು ಬಂದಿದ್ದಳು. ಮಾಸ್ಕಿರಲಿಲ್ಲ. ನಾನು ಅವಳ ಪೂರ್ತಿ ಮುಖ ನೋಡಿದ್ದು ಅದೇ ಮೊದಲು. ಗೇಟಿನಲ್ಲಿ ನಿಲ್ಲಲಿಲ್ಲ. ಅಂಗಳದ ನಲ್ಲಿಯಲ್ಲಿ ಕೈಕಾಲು ತೊಳೆದು, ಸೀದಾ ಒಳಗೆ ಬಂದು ಚಾಪೆಯ ಮೇಲೆ ಕೂತಳು. ಅವಳು ಒಳಗೆ ಬಂದದ್ದರಿಂದಲೇ ನನಗೆ ಎಲ್ಲ ತಿಳಿಯಿತು. ಹುಡುಗಿ ಹೋಗಿಬಿಟ್ಟಿದ್ದಳು. ಕಾಯುವುದಕ್ಕೆ, ದೂರ ನಿಲ್ಲುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ಅತ್ತೆ ಬಾಗಿಲ ಸಂದಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು.

"ಪಾಪು ಎಲ್ಲಿ ಮಾ?" ಎಂದಳು. ಮಗ ಹತ್ತಿರ ಬಂದ. ಅವಳು ಅವನನ್ನು ಮಡಿಲಿಗೆ ಎಳೆದುಕೊಂಡು, ನೆತ್ತಿಯ ಮೇಲೆ ಗಲ್ಲ ಊರಿ ತುಂಬಾ ಹೊತ್ತು ಕೂತಿದ್ದಳು. ಆಮೇಲೆ ಅವನ ಜಾಕೆಟ್ಟು ಕೇಳಿ ಪಡೆದು, ಪಟ್ಟಿಗಳನ್ನು ಒಂದೊಂದಾಗಿ ತಾನೇ ಬಿಗಿದು ಮಿಷನ್ ಹಾಕಿದಳು. ಅವನು ಎಂದಿನಂತೆ "ಆ..." ಎಂದು ರಾಗ ತೆಗೆದ. ನಿಲ್ಲಿಸು ಎಂದು ನಾನು ಸನ್ನೆ ಮಾಡಿದೆ. "ಹಾಡ್ಲಿ ಬಿಡು" ಎಂದಳು. ಮುಗಿದ ಮೇಲೆ ಬೆನ್ನು ಸವರುತ್ತಾ, "ಕೆಮ್ಮು ಕಂದಾ, ಚೆನ್ನಾಗಿ ಕೆಮ್ಮು" ಎಂದಳು. ಹೊರಡುವಾಗ, "ಇನ್ ಇದು ಇಲ್ಲೇ ಇರ್ಲಿ" ಎಂದಳು. ಅತ್ತೆ ಕುಂಕುಮ ತಂದರು. ಅಕ್ಕ ಬಗ್ಗಿ ಇಡಿಸಿಕೊಂಡು ಹೋದಳು.

ಆಮೇಲೆ ಕೆಲವು ಸಲ ನಾನೇ ಫೋನು ಮಾಡಿದೆ. ಒಂದು ಸಲ ನಮ್ಮ ಮನೆಯಲ್ಲಿ ಮಿಷನ್ ಓಡುತ್ತಿತ್ತು. "ಅದು ನಿಂತ ಮೇಲೆ ಮಾಡು ಮಾ, ಆ ಸದ್ದು ಕೇಳೋಕಾಗಲ್ಲ" ಎಂದಳು. ಅವಳ ಗಂಡ ಕಾರ್ಖಾನೆಯ ಕೆಲಸ ಬಿಟ್ಟರೆಂದೂ ಕ್ವಾರ್ಟರ್ಸು ಖಾಲಿ ಮಾಡಿ ತವರಿನ ಕಡೆ ಹೋದರೆಂದೂ ನಂತರ ತಿಳಿಯಿತು. ಆ ನಂಬರಿನಲ್ಲಿ ಈಗ ಬೇರೆ ಯಾರೋ ಮಾತಾಡುತ್ತಾರೆ. ಒಂದು ಭಾನುವಾರ ಭದ್ರಾವತಿಗೆ ಹೋಗಿ ಅವರ ಬೀದಿಯಲ್ಲಿ ವಿಚಾರಿಸಿದೆ, ಎಲ್ಲಿಗೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮಗ ಈಗ ಹೈಸ್ಕೂಲಿಗೆ ಹೋಗುತ್ತಾನೆ. ಜಾಕೆಟ್ಟು ಎರಡು ಸಲ ಬದಲಾಗಿದೆ, ಮಿಷನ್ ಅದೇ. ಆಸ್ಪತ್ರೆ ತಪ್ಪಿಲ್ಲ, ಭಯವೂ ತಪ್ಪಿಲ್ಲ, ಆದರೆ ಹುಡುಗ ಇದ್ದಾನೆ, ನನ್ನ ಬಾಯಿಯನ್ನೇ ಕಲಿತು ನನಗೇ ಎದುರು ಮಾತಾಡುತ್ತಾನೆ. ಅಕ್ಕ ಎಲ್ಲಿದ್ದಾಳೋ... ಸಿಕ್ಕಿದರೆ ಹೇಳಬೇಕಾದದ್ದು ಅದೊಂದೇ ಸುದ್ದಿ. ಅವಳಿಗೆ ಎಲ್ಲರಿಗಿಂತ ಹೆಚ್ಚು ಸಂತೋಷವಾಗುತ್ತದೆಂದು ನನಗೆ ಗೊತ್ತು. ಮಗಳನ್ನು ಕಳೆದುಕೊಂಡವಳ ಎದುರು ನಿಂತು, ನನ್ನ ಮಗ ಚೆನ್ನಾಗಿದ್ದಾನೆ ಅಕ್ಕ ಎಂದು ಯಾವ ಬಾಯಲ್ಲಿ ಹೇಳಲಿ ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.