ಬಾವಿಯನ್ನು ಮಾತಾಡಿಸುವವನು

ಕೊಳಾಲದ ಅಡವಯ್ಯ, ಊರ ಪಟೇಲರ ತೋಟದಲ್ಲಿ ಎತ್ತು ಕಟ್ಟಿ ನೀರೆತ್ತುವ ಕಪಿಲೆಯವನು. ದಿನವಿಡೀ ಎತ್ತುಗಳ ಜೊತೆ ಹಿಂದೆ ಮುಂದೆ ನಡೆದೂ ನಡೆದೂ, ಊಟಕ್ಕೆ ಏಳುವಾಗಲೂ ಎರಡು ಹೆಜ್ಜೆ ಹಿಂದಕ್ಕೇ ಇಡುತ್ತಾನೆ. ಬೆಳಿಗ್ಗೆ ನೊಗ ಹೂಡುವ ಮೊದಲು ಬಾವಿಗೆ ಬಗ್ಗಿ, "ಹೆಂಗಿದ್ದೀಯಲಾ ಅಡವಯ್ಯಾ?" ಎಂದು ತನ್ನನ್ನೇ ಕೂಗಿ ಕೇಳುತ್ತಾನೆ. ಮರುದನಿ ನಡುಗಿದರೆ ಆ ದಿನ ಎತ್ತು ಮುಟ್ಟುವುದಿಲ್ಲ. ಪಟೇಲರು ಎಷ್ಟೇ ಬೈದರೂ ಹೊಂಗೆಯ ನೆರಳಿನಲ್ಲಿ ಅಂಗಾತ ಮಲಗಿಬಿಡುತ್ತಾನೆ. "ಮೈಗಿಂತ ಮುಂಚೆ ದನಿ ಒಡೀತೈತೆ ಸ್ವಾಮಿ" ಎನ್ನುತ್ತಾನೆ. ಮನಸ್ಸು ಕೆಟ್ಟವರು ಕದ್ದು ಬಂದು ಬಾವಿಗೆ ಬಗ್ಗಿ ತಮ್ಮ ಹೆಸರು ಕೂಗಿ ನೋಡುತ್ತಾರೆ. ಬೈಯುವ ಪಟೇಲರೂ ಬಗ್ಗಿದ್ದುಂಟು. ನಾನು ಅಮಲ್ದಾರರ ಕಚೇರಿಯ ಗುಮಾಸ್ತ, ಜಮಾಬಂದಿಯ ಕಂದಾಯ ಲೆಕ್ಕದ ಗಡಿಬಿಡಿಯಲ್ಲಿ ಮೂರು ತಿಂಗಳಿಂದ ನಿದ್ದೆಗೆಟ್ಟವನು. ನಿನ್ನೆ ನಡುಹಗಲಲ್ಲಿ, ತಮಾಷೆಗೆಂದು, ಬಗ್ಗಿ ನನ್ನ ಹೆಸರು ಕೂಗಿದೆ. ಬಾವಿ ಸುಮ್ಮನಿತ್ತು. ಗಂಟಲು ಉರಿಯುವಷ್ಟು ಜೋರಾಗಿ ಮತ್ತೊಮ್ಮೆ ಕೂಗಿದೆ. ಪಕ್ಕದಲ್ಲಿ ಎತ್ತು ಕತ್ತು ಕೊಡವಿದಾಗ ಅದರ ಗಂಟೆಯ ಸದ್ದು ಬಾವಿಯೊಳಗಿಂದ ಸ್ಪಷ್ಟವಾಗಿ ತಿರುಗಿ ಬಂತು. ನನ್ನ ಕೂಗು ಬರಲಿಲ್ಲ. "ನಿನ್ನ ಬಾವಿ ಸತ್ತಿದೆ ಕಣೋ" ಎಂದು ನಕ್ಕೆ. ಅಡವಯ್ಯ ನಗಲಿಲ್ಲ. ಹಗ್ಗ ಕೆಳಗಿಟ್ಟು ಬಂದು, ನನ್ನ ಎರಡೂ ತೋಳು ಹಿಡಿದು, ಎತ್ತನ್ನು ಹಿಮ್ಮೆಟ್ಟಿಸುವಂತೆ ಮೆಲ್ಲಗೆ ಹೊಂಗೆಯ ನೆರಳಿಗೆ ನಡೆಸಿಕೊಂಡು ಹೋದ. "ನೀವು ಕೂಗ್ಲೇ ಇಲ್ಲ ಸ್ವಾಮಿ," ಎಂದ, "ಎಲ್ಡು ಸತಿನೂ ಬರೀ ಬಾಯಿ ತೆಗುದ್ರಿ."